ಜೋಳದ ನುಚ್ಚು ಒಮ್ಮೆ ಬಂದರೆ ಸಾಕು

ಬೆಳಗಿನ ಆರೂ ಹತ್ತು. ಕಂಗ್ಟಿ ಊರಿನ ಹೊರಗೆ ತೊಗರಿ ಹೊಲಗಳ ನಡುವೆ ನಿಂತ, ಬಾವಿ ಕೊರೆಯುವ ರಿಗ್ಗಿನ ದೀಪಗಳು ಇನ್ನೂ ಆರಿಲ್ಲ. ಹೊಸ ಪೈಪು ಜೋಡಿಸಲು ಹಳೆಯದರ ಬಾಯಿ ಬಿಚ್ಚಿದ್ದಾರೆ. ಅಷ್ಟರಲ್ಲಿ ಶಿವಕಾಂತಾ ಕಬ್ಬಿಣದ ಮೆಟ್ಟಿಲು ಹತ್ತಿ ಬರುತ್ತಾರೆ. ತಲೆಗೆ ಹಳದಿ ಹೆಲ್ಮೆಟ್ಟು, ಸೀರೆಯ ಮೇಲೆ ಕಂಪನಿಯ ಕೋಟು, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಅದರಿಂದ ಅರಿಸಿನ ಕಲಸಿದ ಜೋಳದ ನುಚ್ಚನ್ನು ಒಂದು ಹಿಡಿ ತೆಗೆದು ಪೈಪಿನೊಳಗೆ ಸುರಿಯುತ್ತಾರೆ. ಪಂಪು ಶುರುವಾಗುತ್ತದೆ. ಕೈಗಡಿಯಾರ ನೋಡಿಕೊಂಡು ಕೆಳಗಿಳಿದು ಜರಡಿಯ ಪಕ್ಕ ನಿಲ್ಲುತ್ತಾರೆ.

"ನೀವು ಕೇಳ್ರಿ, ನಾ ಹೇಳ್ತೀನಿ. ಆದ್ರ ನನ್ನ ಕಣ್ಣು ಇಲ್ಲೇ ಇರ್ತಾವ" ಎನ್ನುತ್ತಾರೆ. ನುಚ್ಚು ಬಾವಿಯ ತಳ ಮುಟ್ಟಿ ಮೇಲೆ ಬರಲು ಇಪ್ಪತ್ತಾರು ನಿಮಿಷ ಬೇಕು. ನಮ್ಮ ಮಾತಿಗೂ ಅಷ್ಟೇ ಸಮಯ.

ಇದು ನೆಲದಡಿ ಎಣ್ಣೆ ಇದೆಯೇ ಎಂದು ಹುಡುಕುವ ಬಾವಿ. ಈ ಸೀಮೆಯ ಕರಿಕಲ್ಲಿನ ಕೆಳಗೆ ಎಂದೋ ಇದ್ದ ಕಡಲಿನ ಪದರಗಳು ಉಳಿದಿದ್ದರೆ ಅವುಗಳಲ್ಲಿ ಎಣ್ಣೆ ಸೇರಿಕೊಂಡಿರಬಹುದು ಎಂಬ ಆಸೆ. ಕೊರೆಯುವಾಗ ಕೆಸರಿನಂಥ ದ್ರವವೊಂದು ಪೈಪಿನೊಳಗೆ ಇಳಿಯುತ್ತದೆ. ತಳದಲ್ಲಿ ಪುಡಿಯಾದ ಕಲ್ಲನ್ನು ಹೊತ್ತುಕೊಂಡು ಪೈಪಿನ ಹೊರಗಿನಿಂದ ಮೇಲೆ ಬಂದು ಜರಡಿಗೆ ಬೀಳುತ್ತದೆ. ಐದು ಮೀಟರಿಗೊಮ್ಮೆ ಆ ಪುಡಿಯನ್ನು ಹಿಡಿದು, ತೊಳೆದು, ಒಣಗಿಸಿ, ಬಟ್ಟೆಯ ಚೀಲಕ್ಕೆ ತುಂಬಿ, ಆಳ ಬರೆದ ಚೀಟಿ ಕಟ್ಟುವುದು ಶಿವಕಾಂತಾ ಅವರ ಕೆಲಸ. ಹನ್ನೆರಡು ಗಂಟೆಯ ಪಾಳಿ. ಇಲ್ಲಿಯವರೆಗೆ ನೂರ ನಲವತ್ತೆರಡು ಚೀಲ. ಪುಡಿ ಮೇಲೆ ಬರಲು ಹೊತ್ತು ಹಿಡಿಯುವುದರಿಂದ, ಈಗ ಕೈಗೆ ಸಿಕ್ಕಿದ್ದು ಯಾವ ಆಳದ್ದೆಂದು ನಿಮಿಷ ಎಣಿಸಿಯೇ ಬರೆಯಬೇಕು. ಚೀಟಿ ತಪ್ಪಿದರೆ ದೊಡ್ಡ ದೊಡ್ಡ ಓದು ಓದಿದವರು ಬರೆಯುವ ನೆಲದಡಿಯ ನಕ್ಷೆಯೂ ತಪ್ಪಿದಂತೆಯೇ!

ನಲವತ್ತೈದರ ಈ ಹೆಣ್ಣುಮಗಳ ತವರು ತಾಂಡೂರಿನ ಬಳಿಯ ಯಾಲಾಲ್. ತಂದೆ ಮನ್ಮಥಪ್ಪ ಹಾಸುಗಲ್ಲಿನ ಗಣಿಯಲ್ಲಿದ್ದವರು. "ನಮ್ಮಪ್ಪ ಕಲ್ಲು ಬಡದು ಸಪ್ಪಳದ ಮ್ಯಾಲೇ ಹೇಳ್ತಿದ್ದರಿ, ಒಳಗ ಬಿರುಕು ಅದನೋ ಇಲ್ಲೋ ಅಂತ." ಕಂಗ್ಟಿಗೆ ಸೊಸೆಯಾಗಿ ಬಂದಮೇಲೆ ಹತ್ತು ವರ್ಷ ಜಲ್ಲಿ ಕ್ರಷರಿನಲ್ಲಿ ದುಡಿದರು. ಕೆಮ್ಮು ಬಿಡಲಿಲ್ಲ. ಧೂಳಿನ ಕೆಲಸ ಬಿಡದಿದ್ದರೆ ಔಷಧಿಯಿಂದ ಏನೂ ಆಗದು ಎಂದರಂತೆ ನಾರಾಯಣಖೇಡದ ಡಾಕ್ಟರು. ಆಗ ಸಿಕ್ಕಿದ್ದು ಕಲ್ಲುಪುಡಿ ತೊಳೆಯುವ ಈ ನೀರಿನ ಕೆಲಸ. ಕೆಮ್ಮು ನಿಂತಿತು. ಅದಕ್ಕೇ ಇದು ಹೋದರೆ ಎಂಬ ಅಂಜಿಕೆ ಅವರಿಗೆ.

ಕಳೆದ ತಿಂಗಳು ಹೋಗಿಯೇ ಬಿಡುತ್ತಿತ್ತು.

ಇಲ್ಲಿನ ಭೂವಿಜ್ಞಾನಿ ವರದಾ ಜಹೀರಾಬಾದಿನವರು. ಎರಡು ದಿನದ ಒಂಬತ್ತು ಚೀಲಗಳು ಅವರಿಗೆ ತಾಳೆಯಾಗಲಿಲ್ಲ. ಕೊರೆಯುವ ವೇಗ ನೋಡಿದರೆ ಮೆತ್ತನೆಯ ಕಲ್ಲು ಬಂದಿರಬೇಕಾದ ಆಳದ ಚೀಲದಲ್ಲಿ ಗಟ್ಟಿ ಕರಿಕಲ್ಲು. ರಿಗ್ಗಿನ ಉಸ್ತುವಾರಿ ಆನಂದತೀರ್ಥ ಅವರಿಗೆ ಇದರಲ್ಲಿ ಅನುಮಾನವೇ ಇರಲಿಲ್ಲ. "ಅಕ್ಕ ಚೀಟಿ ತಪ್ಪು ಬರದಾರ. ನಾಳಿಂದ ಬ್ಯಾರೆಯವ್ರನ್ನ ಹಾಕೂಣು" ಎಂದರು.

"ನನ್ನ ಕಣ್ಣ ಮುಂದ ಕ್ರಷರಿನ ಧೂಳೇ ಬಂತ್ರಿ" ಎನ್ನುತ್ತಾರೆ ಶಿವಕಾಂತಾ. ಬೇರೆ ರಿಗ್ಗುಗಳಲ್ಲಿ ಅಕ್ಕಿ ಹಾಕಿ ಅದು ಮೇಲೆ ಬರುವ ಸಮಯ ನೋಡುತ್ತಾರೆಂದು ಹಿಂದೊಮ್ಮೆ ವರದಾ ಹೇಳಿದ್ದು ಅವರಿಗೆ ನೆನಪಿತ್ತು. ಇಲ್ಲಿ ಆ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಬಿಟ್ಟಿದ್ದರು. ಅವತ್ತು ಗಿರಣಿಯಲ್ಲಿ ಒಡೆಸಿಕೊಂಡ ನುಚ್ಚು ಅವರ ಕೈಚೀಲದಲ್ಲೇ ಇತ್ತು, ಕಾಳು ಎದ್ದು ಕಾಣಲು ಬೇಕಾದ ಅರಿಸಿನ ಕ್ಯಾಂಟೀನಿನಲ್ಲಿ ಸಿಕ್ಕಿತು. "ನನ್ನ ತೆಗೀರಿ ಸಾಹೇಬ್ರ, ಆದ್ರ ಒಂದ್ ಹಿಡಿ ಹಾಕಾಕ ಬಿಡ್ರಿ" ಎಂದು ಕೇಳಿಕೊಂಡರು.

ಅಂದಿನ ಆಳಕ್ಕೆ ನುಚ್ಚು ಇಪ್ಪತ್ತೆರಡು ನಿಮಿಷಕ್ಕೆ ಬರಬೇಕಿತ್ತು. ಹನ್ನೊಂದನೆಯ ನಿಮಿಷಕ್ಕೇ ಜರಡಿಯ ಮೇಲೆ ಹಳದಿ ಕಾಳು! ಇಪ್ಪತ್ತೆರಡಕ್ಕೆ ಏನೂ ಇಲ್ಲ. ಇಪ್ಪತ್ತೇಳಕ್ಕೆ ಉಳಿದದ್ದು ಬಂತು. ಮತ್ತೊಂದು ಹಿಡಿ ಹಾಕಿದರು. ಅದೂ ಹಾಗೆಯೇ ಎರಡು ಸಲ ಬಂತು. ಆನಂದತೀರ್ಥರಿಗೆ ಗೊತ್ತಾಗಿಹೋಯಿತು: ಪೈಪು ನಡುವೆ ಎಲ್ಲೋ ಸೀಳಿದೆ. ಒಂದಿಷ್ಟು ದ್ರವ ಅಲ್ಲಿಂದಲೇ ಮೇಲಕ್ಕೆ ಓಡುತ್ತಿದೆ, ತಳ ಮುಟ್ಟುವುದು ಕಡಿಮೆಯಾಗಿ ಕಲ್ಲುಪುಡಿ ತಡವಾಗಿ ಬರುತ್ತಿದೆ, ಅದಕ್ಕೇ ಚೀಟಿಯ ಆಳ ತಪ್ಪಿದೆ. ಒತ್ತಡ ತೋರಿಸುವ ಮುಳ್ಳು ತುಸು ಇಳಿದಿದ್ದನ್ನು ಎಲ್ಲರೂ ಹಳೇ ಪಂಪಿನ ತಲೆಗೆ ಕಟ್ಟಿದ್ದರು.

ಕೊರೆತ ನಿಂತಿತು. ಬೆಳಿಗ್ಗೆ ಹತ್ತರಿಂದ ಒಂದೊಂದೇ ಪೈಪು ಮೇಲೆ ಬಂತು. ಅರವತ್ತಾರರಲ್ಲಿ ಮೂವತ್ಮೂರನೆಯದರಲ್ಲಿ ಬೆರಳು ತೂರುವಷ್ಟು ಸೀಳು. "ಇನ್ನೊಂದ್ ದಿನ ಹೋಗಿದ್ರ ಮುರದು ಅರ್ಧ ಒಳಗೇ ಬೀಳ್ತಿತ್ತು, ಬಾವಿನೇ ಬಿಡಬೇಕಾಗ್ತಿತ್ತು" ಎಂದು ಆನಂದತೀರ್ಥ ನನಗೆ ಹೇಳುವಾಗಲೂ ನಿಟ್ಟುಸಿರು ಬಿಟ್ಟರು. ಅಂದು ಎಲ್ಲರೆದುರೇ "ತಪ್ಪಾತ್ರಿ ಅಕ್ಕಾ" ಎಂದರಂತೆ. ದೊಡ್ಡ ಮಾತು ಅದು, ಎಲ್ಲ ಸಾಹೇಬರ ಬಾಯಲ್ಲಿ ಬರುವುದಿಲ್ಲ.

"ಅಲ್ಲೇ ಕುಂತು ಅತ್ತಬಿಟ್ಟೆ ನೋಡ್ರಿ. ಎದಿ ಮ್ಯಾಲಿನ ಕಲ್ಲು ಇಳಿಸಿದಂಗಾತು." ಅತ್ತು ಮುಗಿಸಿದ ಶಿವಕಾಂತಾ ಆ ಒಂಬತ್ತು ಚೀಲಗಳನ್ನು ಎಳೆದುಕೊಂಡು, ವರದಾ ಜೊತೆ ಕೂತು ಆಳವನ್ನು ಮತ್ತೆ ಎಣಿಸಿ ಹೊಸ ಚೀಟಿ ಬರೆದರು. ಯಾರೂ ಹೇಳಿರಲಿಲ್ಲ. "ಚೀಟಿ ತಪ್ಪು ಇದ್ದದ್ದು ಖರೇನ ಅಲ್ರಿ? ತಪ್ಪು ನಂದಲ್ಲ, ಆದ್ರ ಬರದ ಕೈ ನಂದು."

ಈಗ ಪಾಳಿಗೊಮ್ಮೆ ನುಚ್ಚು ಹಾಕುವುದು ಇಲ್ಲಿನ ನಿಯಮ. ವರದಿಯ ಹಾಳೆಯಲ್ಲಿ 'ಜೋಳ' ಎಂದೇ ಒಂದು ಕಲಂ. ಬಾವಿ ಮುಗಿದಮೇಲೆ ಏನು ಆಸೆ ಎಂದು ಕೇಳುತ್ತೇನೆ. "ಎಣ್ಣಿ ಸಿಗ್ತದೋ ಇಲ್ಲೋ, ಅದು ನನ್ನ ಕೈಯಾಗ ಇಲ್ರಿ. ಮುಂದ ಯಾರರ ಈ ಚೀಲ ಬಿಚ್ಚಿದ್ರ, ಮ್ಯಾಲ ಬರದದ್ದೇ ಒಳಗ ಇರಬೇಕು. ಅಷ್ಟೇ."

ಮಾತು ನಿಲ್ಲಿಸಿ ಜರಡಿಗೆ ಬಾಗುತ್ತಾರೆ. ಇಷ್ಟು ಹೊತ್ತೂ ಅಲ್ಲಿ ಬರೀ ಬೂದುಬಣ್ಣದ ಪುಡಿ. ಆರೂ ಮೂವತ್ತಾರು. ಒಂದು ಹಳದಿ ಕಾಳು, ನಾಲ್ಕು, ಆಮೇಲೆ ಹಿಡಿ ತುಂಬ. ರಿಗ್ಗಿನ ಮೇಲಿನ ಅಟ್ಟದಿಂದ ಆನಂದತೀರ್ಥ ಕೂಗುತ್ತಾರೆ:

"ಅಕ್ಕಾ, ಎಷ್ಟು ಸಲ ಬಂತ್ರಿ?"

ಶಿವಕಾಂತಾ ಒದ್ದೆ ಕೈ ಎತ್ತಿ ಒಂದು ಬೆರಳು ತೋರಿಸುತ್ತಾರೆ.

"ಒಮ್ಮೆ ಬಂತ್ರಿ ಸಾಹೇಬ್ರ. ನಡೀಲಿ!"