ಬಸ್ ನಿಲ್ದಾಣದ ಅವ್ವ

ಶಿರಸಿಯ ಹಳೆ ಬಸ್ ನಿಲ್ದಾಣದ ಎದುರು ನನ್ನದೊಂದು ಹೊಲಿಗೆ ಅಂಗಡಿ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಈಗಲೂ ಆ ದನಿ ಕೇಳಬೇಕೆನಿಸುತ್ತದೆ. ನಿಲ್ದಾಣದಲ್ಲೇ ಮಲಗಿ ಏಳುತ್ತಿದ್ದ ಮುದುಕಿ ಅವಳು. ಎಲ್ಲರೂ ಅವ್ವ ಎನ್ನುತ್ತಿದ್ದೆವು.

ಮೊದಲ ಸಲ ಬಂದಾಗ ಅವಳು ಊಟ ಕೇಳಲಿಲ್ಲ. "ತಂಗಿ, ಚಿಂದಿ ಅರಿವಿ ಅದಾವೇನು? ಒಂದು ಕೌದಿ ಹೊಲೀತೀನಿ" ಎಂದಳು. ಕತ್ತರಿಸಿ ಉಳಿದ ತುಂಡುಗಳನ್ನೆಲ್ಲ ಕೊಟ್ಟೆ. ಅಂದಿನಿಂದ ದಿನವೂ ಬಂದು ಮೂಲೆಯಲ್ಲಿ ಕಾಲು ಚಾಚಿ ಹೊಲಿಯುತ್ತ ಕೂರುತ್ತಿದ್ದಳು. ರವಿಕೆಯ ಅಳತೆ ಕೊಡಲು ಬಂದವರನ್ನೂ ಬೈಯದೆ ಬಿಡುತ್ತಿರಲಿಲ್ಲ. "ಹೊಟ್ಟಿ ಒಳಗ ಎಳಕೋಬ್ಯಾಡವಾ, ಆಮ್ಯಾಲ ಉಂಡ ಕೂಡ್ಲೆ ಹರೀತದ!" ಅಳತೆಪಟ್ಟಿ ಹಿಡಿದ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಕೌದಿ ಮುಗಿಯಿತು. ನಿಲ್ದಾಣದಲ್ಲೇ ಇರುತ್ತಿದ್ದ ಹಮಾಲಿಯೊಬ್ಬ ಜ್ವರದಿಂದ ನಡುಗುತ್ತಿದ್ದನೆಂದು ಅದನ್ನು ಅವನಿಗೆ ಹೊದಿಸಿಬಿಟ್ಟಳು. ಅವನು ಬದುಕಲಿಲ್ಲ. ಗಾಡಿ ಬಂದು ಹೆಣ ಒಯ್ದಿತು. ಅಂದು ಅವ್ವ ಸೂಜಿ ಮುಟ್ಟಲಿಲ್ಲ.

"ಹೆಣದ ಹಿಂದ ಒಬ್ರೂ ಹೋಗ್ಲಿಲ್ಲ ತಂಗಿ. ನಾ ಎದ್ದು ಬರೋದ್ರಾಗ ಗಾಡಿ ಹೊಂಟಿತ್ತು."

ಅವಳ ಮನಸ್ಸು ಬೇರೆ ಕಡೆ ತಿರುಗಲೆಂದು, "ನಿಂಗೆ ಎಂತಾದ್ರೂ ಆಸೆ ಉಂಟಾ ಅವ್ವ?" ಎಂದು ಕೇಳಿದೆ.

"ಒಮ್ಮೆ ವರದಾ ಹೊಳಿ ನೋಡ್ಬೇಕು."

ಅಂಗಡಿ ರಜೆಯ ದಿನ ಇಬ್ಬರೂ ಬನವಾಸಿ ಬಸ್ಸು ಹತ್ತಿದೆವು. ಅವಳು ಸೀರೆ ಎತ್ತಿಕಟ್ಟಿ ಹೊಳೆಗಿಳಿದು, ಮುಖ ತೊಳೆದು, ಬೊಗಸೆ ಬೊಗಸೆ ನೀರು ಕುಡಿದಳು. ಆಮೇಲೆ ನನ್ನ ಕೈ ಹಿಡಿದು ಒಂದು ಓಣಿಗೆ ಕರೆದೊಯ್ದು, ನೀಲಿ ಬಾಗಿಲಿನ ಮನೆಯೆದುರು ನಿಂತಳು. "ನಮ್ಮನಿ ಇದ್ದದ್ದು ಇದ. ಅವರು ತೀರಿಕೊಂಡ ಮ್ಯಾಲ ಮೈದುನ ಮಾರಿದ" ಎಂದಳು, ಮೆಲ್ಲಗೆ. ಅಂಗಳದಲ್ಲಿ ಮೆಣಸಿನಕಾಯಿ ಹರಡುತ್ತಿದ್ದ ಹೆಂಗಸು ತಲೆಯೆತ್ತಿ, "ಯಾರು ಬೇಕಾಗಿತ್ರಿ?" ಎಂದಳು.

"ಯಾರೂ ಇಲ್ರಿ. ಒಂದೀಟು ನೀರು ಕೊಡ್ರಿ."

ಹೊಳೆಯಲ್ಲಿ ಹೊಟ್ಟೆ ತುಂಬ ಕುಡಿದು ಬಂದವಳು ಆ ಚೊಂಬನ್ನೂ ಖಾಲಿ ಮಾಡಿದಳು. ಬಾಗಿಲಿನೊಳಗೆ ಕಾಣುವಷ್ಟನ್ನು ನೋಡಿ, ಚೊಂಬು ಹಿಂದಿರುಗಿಸಿ, "ನಡಿ ತಂಗಿ" ಎಂದಳು. ಶಿರಸಿ ಮುಟ್ಟುವವರೆಗೂ ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆಹೋಗಿದ್ದಳು.

ಮಳೆಗಾಲದಲ್ಲಿ ಕೆಮ್ಮು ಹಿಡಿಯಿತು. ಆಸ್ಪತ್ರೆಗೆ ಸೇರಿಸಿದೆವು, ಕೆಲವೇ ದಿನಗಳಲ್ಲಿ ಹೋಗಿಬಿಟ್ಟಳು. ಪೊಲೀಸರು ವಿಚಾರಿಸಿದರೂ ಸಂಬಂಧಿಕರೆಂದು ಯಾರೂ ಬರಲಿಲ್ಲ. ನಿಲ್ದಾಣದ ಬಾಗಿಲಲ್ಲಿ ಹೂ ಮಾರುವ ನನ್ನ ಗೆಳತಿಗೆ ಅವಳ ಕೊರಳಲ್ಲಿ ಬಟ್ಟೆಯಲ್ಲಿ ಕಟ್ಟಿದ್ದ ಲಿಂಗ ಕಂಡಿತು. "ನಮ್ಮ ಪೈಕಿನ ಇದಾಳ. ಸುಡೋದು ಬ್ಯಾಡ, ಮಣ್ಣು ಮಾಡೂಣು" ಎಂದವಳೇ ಜಂಗಮರೊಬ್ಬರನ್ನು ಕರೆತಂದಳು. ಹಮಾಲಿಯನ್ನು ನೆನೆದು ಅವ್ವ ಆಡಿದ ಮಾತು ನನ್ನ ಕಿವಿಯಲ್ಲಿತ್ತು. ಅಂಗಡಿಯ ಬಾಗಿಲೆಳೆದು ಹೊರಟೆ. ಚಹಾದಂಗಡಿಯವನು ಬಂದ, ಡ್ಯೂಟಿ ಮುಗಿಸಿದ ಇಬ್ಬರು ಕಂಡಕ್ಟರುಗಳು ಬಂದರು. ಕೊಡೆ ಹಿಡಿದು ಅವಳ ಹಿಂದೆ ನಡೆದೆವು.

ಗುಂಡಿಯ ಬಳಿ ಜಂಗಮರು ಹೆಸರು ಕೇಳಿದರು. ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅವ್ವ ಅಂತ್ಲೇ ಹೇಳಿ" ಎಂದೆ. ಅವರು ಹಾಗೆಯೇ ಹೇಳಿದರು.

ಈಗ ಪ್ರತಿ ಮಹಾಲಯ ಅಮಾವಾಸ್ಯೆಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಳೆಲೆ ಹಾಕಿ ಎಡೆ ಇಡುತ್ತೇವೆ: ಅವ್ವನಿಗೆ, ಆ ಹಮಾಲಿಗೆ, ನಿಲ್ದಾಣದಿಂದಲೇ ಹೊರಟುಹೋದ ಇನ್ನುಳಿದವರಿಗೆ. ಅಡುಗೆ ಹೂವಿನವಳದು. ಉಣ್ಣುವಾಗ ಅವಳು ಅವ್ವನ ಬೈಗುಳಗಳನ್ನು ಅದೇ ದನಿಯಲ್ಲಿ ಆಡಿ ತೋರಿಸುತ್ತಾಳೆ. ನಾವೆಲ್ಲ ನಗುತ್ತೇವೆ. ಥೇಟ್ ಅವಳಂತೆಯೇ ಇರುತ್ತದೆ. ಆದರೂ ಕೇಳುತ್ತ ಕೇಳುತ್ತ ಅವ್ವನ ಬಾಯಿಂದಲೇ ಒಮ್ಮೆ ಬೈಸಿಕೊಳ್ಳಬೇಕು ಅನಿಸುತ್ತದೆ.