ಹಿಮ್ಮಡಿ ಓದುತ್ತಿದ್ದ ಕಾಕಾ

ಹೋದ ತಿಂಗಳು ನಮ್ಮ ಗಾಲ್ಫ್ ಮೈದಾನಕ್ಕೆ ಒಂದು ಹೊಸ ಚಾಪೆ ಬಂತು. ನೋಡಲು ಬಾಗಿಲ ಮುಂದೆ ಹಾಸುವ ಕಾಲೊರಸಿನ ಹಾಗೇ ಇದೆ, ಆದರೆ ಅದರ ಗತ್ತೇ ಬೇರೆ. ಅದರ ಮೇಲೆ ನಿಂತು ಚೆಂಡು ಹೊಡೆದರೆ ಸಾಕು, ಮೈಭಾರ ಯಾವ ಪಾದದ ಮೇಲಿತ್ತು, ಹಿಮ್ಮಡಿಯ ಮೇಲೋ ಹೆಬ್ಬೆರಳಿನ ಮೇಲೋ ಎಂಬುದನ್ನೆಲ್ಲ ಪಕ್ಕದ ಪರದೆಯಲ್ಲಿ ಕೆಂಪು ಹಸಿರು ಬಣ್ಣದಲ್ಲಿ ತೋರಿಸುತ್ತದೆ. ತಂದುಕೊಟ್ಟ ಕಂಪನಿಯವರು ಇಂಥದ್ದು ಹಿಂದೆಂದೂ ಇರಲೇ ಇಲ್ಲ ಎಂದು ಅರ್ಧ ತಾಸು ಹೇಳಿದರು. ನಾನು ಇಲ್ಲಿನ ಕೋಚ್, ತಲೆಯಾಡಿಸಿದೆ. ಪರದೆಯ ಮೇಲೆ ಮೊದಲ ಹೆಜ್ಜೆ ಮೂಡಿದಾಗ ಮಾತ್ರ ಮೂಗಿಗೆ ಒಲೆಯ ಬೂದಿಯ ವಾಸನೆ ಬಡಿದಂತಾಯಿತು. ಇದೇ ಪರೀಕ್ಷೆಯನ್ನು ಎರಡು ಬೊಗಸೆ ಬೂದಿಯಲ್ಲಿ ಮಾಡುತ್ತಿದ್ದ ಒಬ್ಬರು ನನಗೆ ಗೊತ್ತಿದ್ದರು...

ನಮ್ಮೂರು ಇಂಡಿಯಿಂದ ಸಿಂದಗಿ ಕಡೆಗೆ ಹೋಗುವ ದಾರಿಯಲ್ಲಿದೆ. ಅವರು ನಮ್ಮ ಮಗ್ಗುಲ ಹೊಲದವರು. ರಕ್ತಸಂಬಂಧ ಇಲ್ಲದಿದ್ದರೂ ನನಗೆ ಕಾಕಾ. ಹರೆಯದಲ್ಲಿ ಊರು ಬಿಟ್ಟು, ದೂರದ ಒಂದು ದಂಡಿನ ಊರಲ್ಲಿ ಸೈನ್ಯದ ಅಧಿಕಾರಿಗಳ ಗಾಲ್ಫ್ ಮೈದಾನದಲ್ಲಿ ಮಾಲಿಯಾಗಿದ್ದು, ನಿವೃತ್ತರಾಗಿ ಬಂದಿದ್ದರು. ಕಟ್ಟೆಯ ಮೇಲೆ ಕೂಡುವ ಮಂದಿಗೆ ಇದು ಮುಗಿಯದ ನಗೆಯ ಮಾತು.

"ಹುಲ್ಲು ಕೊಯ್ಯಾಕ ಅಷ್ಟು ದೂರ ಯಾಕ ಹೋಗಿದ್ಯೋ? ನಮ್ಮ ಬದುವಿನಾಗ ಹುಲ್ಲು ಇರಲಿಲ್ಲೇನು?" ಎಂದು ಕೆಣಕುತ್ತಿದ್ದರು. ಕಾಕಾ ನಗುತ್ತಿದ್ದರು. ಮೂವತ್ತು ವರ್ಷ ದುಡಿದು ಬಂದವರಿಗೆ ಊರವರು ಕೊಟ್ಟ ಮರ್ಯಾದೆ ಅಷ್ಟೇ. ಅವರಿಗದು ನಾಟುತ್ತಿತ್ತು ಎಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಾನಾಗ ಪುಣೆಯಲ್ಲಿ ಇದೇ ಮೈದಾನದಲ್ಲಿ ಕ್ಯಾಡಿಯಾಗಿದ್ದೆ. ಎಂದರೆ, ಆಡುವವರ ಚೀಲ ಹೊತ್ತು ಅವರ ಹಿಂದೆ ತಿರುಗುವವನು. ವರ್ಷಕ್ಕೊಮ್ಮೆ ಕ್ಯಾಡಿಗಳಲ್ಲಿ ಒಬ್ಬನನ್ನು ಸಹಾಯಕ ಕೋಚ್ ಮಾಡಲು ಪರೀಕ್ಷೆ ಇಡುತ್ತಿದ್ದರು. ಒಂದು ಸಲ ಸೋತಿದ್ದೆ. ನಾನು ಹೊಡೆದ ಚೆಂಡು ಹೊರಡುವಾಗ ನೆಟ್ಟಗೆ ಹೊರಟು, ಅರ್ಧ ದಾರಿಯಲ್ಲಿ ಬಲಕ್ಕೆ ತಿರುಗಿ ಗಿಡಗಂಟಿ ಸೇರುತ್ತಿತ್ತು. ಎರಡನೆಯ ಸಲ ಸೋತವರಿಗೆ ಮೂರನೆಯ ಅವಕಾಶ ಇರಲಿಲ್ಲ, ಚೀಲ ಹೊರುವುದೇ ಗತಿ. ಆ ಎರಡನೆಯ ಪರೀಕ್ಷೆಗೆ ಒಂದು ತಿಂಗಳಿರುವಾಗ ಜೋಳದ ಸುಗ್ಗಿಗೆಂದು ಅಪ್ಪ ಊರಿಗೆ ಕರೆಸಿದರು. ಒಂದು ಹಳೆಯ ಕೋಲು, ಹನ್ನೆರಡು ಸವೆದ ಚೆಂಡು ಕಟ್ಟಿಕೊಂಡು ಬಂದೆ.

ಮುಂಜಾನೆಯೆಲ್ಲ ಜೋಳ ಕೀಳುವುದು, ಸಂಜೆ ಖಾಲಿ ಹೊಲದಲ್ಲಿ ಚೆಂಡು ಹೊಡೆಯುವುದು. ಎರೆ ಭೂಮಿ ಆ ದಿನಗಳಲ್ಲಿ ಬಾಯಿ ಬಿಟ್ಟಿರುತ್ತದೆ. ಬಿರುಕಿನೊಳಗೆ ಬಿದ್ದ ಚೆಂಡು ಮರಳಿ ಬರುವ ಮಾತೇ ಇಲ್ಲ. ನಾಲ್ಕು ದಿನದಲ್ಲಿ ಐದು ಚೆಂಡು ಭೂಮಿ ನುಂಗಿತು. ಐದನೆಯದು ಹೋದ ಸಂಜೆ ಬಿರುಕಿನಲ್ಲಿ ತೋಳು ಇಳಿಸಿ ತಡಕಾಡುತ್ತಿದ್ದೆ. ಬದುವಿನ ಮೇಲೆ ಎಲೆಯಡಿಕೆ ಜಗಿಯುತ್ತ ಕೂತಿದ್ದ ಕಾಕಾ ಮೊದಲ ಸಲ ಬಾಯಿ ತೆರೆದರು.

"ಚೆಂಡಿಗೆ ಯಾಕ ಬೈತಿ ತಮ್ಮಾ? ಅದು ನೀ ಕಳಿಸಿದಲ್ಲೇ ಹೊಂಟೈತಿ. ನಾಳೆ ಕಣಕ್ಕ ಬಾ. ಬರಿಗಾಲಿಲೇ ಬಾ."

ಮರುದಿನ ಅವರ ಕಣಕ್ಕೆ ಹೋದೆ. ಮುಂದಿನ ವಾರದ ರಾಶಿಗೆಂದು ನೀರು ಹಾಕಿ, ಗಟ್ಟಿ ಮಾಡಿ, ಸೆಗಣಿ ಸಾರಿಸಿ ಸಿದ್ಧಮಾಡಿದ ನೆಲ. ಅಭ್ಯಾಸ ಬಲದಿಂದ ಬೂಟು ಹಾಕಿಕೊಂಡೇ ಕಾಲಿಡಲು ಹೋದವನನ್ನು ಎದೆಗೆ ಕೈ ಹಚ್ಚಿ ತಡೆದರು. ಕಾಳು ಬೀಳುವ ಜಾಗದಲ್ಲಿ ಯಾರೂ ಕಾಲ್ಮರಿ ಮೆಟ್ಟುವುದಿಲ್ಲ. ಅಷ್ಟು ವರ್ಷ ಪುಣೆಯಲ್ಲಿದ್ದು ನಾನು ಅದನ್ನೂ ಮರೆತಿದ್ದೆ. ನಾಚಿಕೆಯಾಗಿ ಬೂಟು ಬಿಚ್ಚಿ ದೂರ ಇಟ್ಟು ಬಂದೆ. ಕಾಕಾ ಜರಡಿ ಹಿಡಿದ ಬೂದಿಯನ್ನು ಕಣದ ಅಂಚಿನಲ್ಲಿ ತೆಳ್ಳಗೆ ಹರಡಿ, ಅದರ ಮೇಲೆ ನಿಂತು ಚೆಂಡಿಲ್ಲದೆ ಬರೀ ಕೋಲು ಬೀಸಲು ಹೇಳಿದರು. ಬೀಸಿ ಪಕ್ಕಕ್ಕೆ ಸರಿದೆ. ಅವರು ಕುಕ್ಕರಗಾಲಲ್ಲಿ ಕೂತು ನನ್ನ ಹೆಜ್ಜೆಯ ಗುರುತನ್ನು ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ, ನನಗೆ ಬೇಸರವೇ ಬಂತು.

"ಬಲಗಾಲಿನ ಹಿಮ್ಮಡ ನೋಡು, ಹೆಂಗ ಕುಂತೈತಿ. ನಿನ್ನ ಭಾರೆಲ್ಲ ಹಿಂದ ಉಳದೈತಿ. ಮೈ ಮುಂದ ಹೋಗವಲ್ದು, ಬರೇ ಕೈ ಹೋಗ್ತಾವ. ಚೆಂಡು ಬಲಕ್ಕ ಹೋಗದ ಇನ್ನೇನ ಮಾಡೀತು?"

ಇದನ್ನು ಎಲ್ಲಿ ಕಲಿತಿರಿ ಎಂದು ಕೇಳಿದೆ. ಅವರು ಕಲಿತದ್ದು ಹೀಗೆ. ಗಾಲ್ಫ್ ಮೈದಾನದಲ್ಲಿ ಅಲ್ಲಲ್ಲಿ ಮರಳಿನ ಗುಂಡಿಗಳಿರುತ್ತವೆ. ಚೆಂಡು ಅದರಲ್ಲಿ ಬಿದ್ದರೆ ಆಡುವವರು ಇಳಿದು ಹೊಡೆದು ಹೋಗುತ್ತಾರೆ. ಅವರ ಹೆಜ್ಜೆ ಅಳಿಸಿ ಮರಳನ್ನು ಮತ್ತೆ ಸಮ ಮಾಡುವುದು ಕಾಕಾನ ಕೆಲಸವಾಗಿತ್ತು. ಅಳಿಸುವ ಮೊದಲು ಒಂದು ಸಲ ನೋಡುತ್ತಿದ್ದರಂತೆ. ಚೆಂಡು ಎಲ್ಲಿ ಹೋಯಿತು, ಹೆಜ್ಜೆ ಹೇಗೆ ಬಿದ್ದಿದೆ... ಮೂವತ್ತು ವರ್ಷ ದಿನಾ ಅದನ್ನೇ ನೋಡಿದರೆ ಯಾರಿಗಾದರೂ ತಿಳಿದೀತು ಎಂದರು. ಯಾರಿಗಾದರೂ ತಿಳಿಯುವುದಿಲ್ಲ ಎಂದು ಈಗ ನನಗೆ ಗೊತ್ತು. ಸಾಹೇಬರುಗಳಿಗೆ ಹೇಳಲಿಲ್ಲವೇ ಎಂದರೆ, ಮಾಲಿಯನ್ನು ಯಾರು ಕೇಳುತ್ತಾರೆ ಎಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ತಾವು ಮಾತ್ರ ಒಂದು ದಿನವೂ ಕೋಲು ಹಿಡಿದವರಲ್ಲ. ನಾನು ಕೈಗೆ ಕೊಟ್ಟರೂ ಮುಟ್ಟಲಿಲ್ಲ.

ರೋಗ ತಿಳಿಯಿತು, ವಾಸಿಯಾಗಲಿಲ್ಲ. ಒಂದು ವಾರ ಬೂದಿ ಹರಡಿದ್ದೇ ಹರಡಿದ್ದು, ಬಲ ಹಿಮ್ಮಡಿ ಎಮ್ಮೆಯ ಹಾಗೆ ಅಲ್ಲೇ ಕುಳಿತಿರುತ್ತಿತ್ತು. ಪರೀಕ್ಷೆಗೆ ಉಳಿದದ್ದು ಹದಿನೆಂಟೇ ದಿನ. ನನಗೆ ಅಳು ಬರುವುದೊಂದು ಬಾಕಿ. ಒಂದು ಮುಂಜಾನೆ ಕಾಕಾ ನಮ್ಮ ಹೊಲಕ್ಕೇ ಬಂದು, ನಾನು ಜೋಳ ಕೀಳುವುದನ್ನು ನಿಂತು ನೋಡಿದರು. ನಮ್ಮ ಕಡೆ ಹಿಂಗಾರಿ ಜೋಳವನ್ನು ಕುಡುಗೋಲಿನಿಂದ ಕೊಯ್ಯುವುದು ಕಡಿಮೆ, ಬೇರುಸಹಿತ ಕೀಳುತ್ತೇವೆ. ದಂಟನ್ನು ಎರಡೂ ಕೈಯಿಂದ ಹಿಡಿದು, ಹಿಮ್ಮಡಿ ಊರಿ, ಮೈಯನ್ನು ಹಿಂದಕ್ಕೆ ಚೆಲ್ಲಿ ಜಗ್ಗಬೇಕು. ಬುದ್ಧಿ ಬಂದಾಗಿನಿಂದ ನಾನು ಮಾಡಿದ್ದು ಅದನ್ನೇ. ಕೈಗೆ ಉದ್ದದ್ದೇನಾದರೂ ಸಿಕ್ಕರೆ ಸಾಕು, ನನ್ನ ಕಾಲು ಜೋಳ ಕೀಳಲು ನಿಲ್ಲುತ್ತಿದ್ದವು.

"ಜ್ವಾಳಾ ಕೀಳೂ ಕಾಲು ಇವು," ಎಂದು ಕಾಕಾ ಅಪ್ಪನ ಕಡೆ ತಿರುಗಿದರು. "ಇವನ್ನ ಕೀಳಾಕ ಹಚ್ಚಬ್ಯಾಡೋ ಮಾರಾಯಾ. ಬಣವಿ ಒಟ್ಟಾಕ ನನಗ ಕೊಡು."

ಅಪ್ಪ ಗೊಣಗಿದರು, ಆದರೆ ಕೊಟ್ಟರು. ಅಂದಿನಿಂದ ನನ್ನ ಕೆಲಸ ಒಂದೇ. ಜೋಳದ ದಂಟಿನ ಕಟ್ಟುಗಳನ್ನು, ಸಿವುಡುಗಳನ್ನು, ನೆಲದಿಂದೆತ್ತಿ ಬಣವೆಯ ಮೇಲೆ ನಿಂತ ಕಾಕಾನಿಗೆ ಎಸೆಯುವುದು. ಬಣವೆ ಎಡಕ್ಕೆ ಬರುವಂತೆ ನಿಲ್ಲಿಸುತ್ತಿದ್ದರು. ಬಲಮಗ್ಗುಲಿಂದ ಎತ್ತಿ, ಸೊಂಟ ತಿರುಗಿಸಿ, ಎಡಗಾಲಿನ ಮೇಲೆ ಭಾರ ಹಾಕಿ ಎಸೆಯಬೇಕು. ಹಿಮ್ಮಡಿ ಊರಿ ನಿಂತರೆ ಸಿವುಡು ಬಣವೆಯ ಅರ್ಧಕ್ಕೆ ತಾಗಿ ನನ್ನ ಮೇಲೆಯೇ ಬೀಳುತ್ತಿತ್ತು. ಬಣವೆ ಬೆಳೆದಂತೆಲ್ಲ ಎಸೆತವೂ ಏರಬೇಕಿತ್ತು. ನಮ್ಮದು ಮುಗಿದ ಮೇಲೆ ಅವರದು, ಅವರದು ಮುಗಿದ ಮೇಲೆ ಊರಿನ ಯಾರದೋ. ಒಬ್ಬ ಆಳು ಪುಕ್ಕಟೆ ಸಿಕ್ಕನೆಂದು ಊರು ಖುಷಿಪಟ್ಟಿತು. ಮೈಯೆಲ್ಲ ತುರಿಕೆ, ಕೈಯೆಲ್ಲ ಗೀರು. ಹದಿನೈದನೆಯ ದಿನ ಸಂಜೆ ಬೂದಿಯ ಮೇಲೆ ನಿಂತು ಬೀಸಿದೆ. ಕಾಕಾ ಬಗ್ಗಿ ನೋಡಿದರು. ಬಲಗಾಲಿನ ಹಿಮ್ಮಡಿ ಸುಮ್ಮನೆ ತಾಗಿದಷ್ಟೇ, ಆಳವಾಗಿದ್ದದ್ದು ಬೆರಳುಗಳ ಗುರುತು, ಅದೂ ಎಡಕ್ಕೆ ತಿರುಗಿದ್ದು. ಅವರು ತಲೆಯ ಟೋಪಿ ತೆಗೆದು ಬೂದಿ ಕೊಡವಿ ಮತ್ತೆ ಹಾಕಿಕೊಂಡರು.

ಪರೀಕ್ಷೆಯಲ್ಲಿ ಹತ್ತು ಚೆಂಡು ಹೊಡೆದೆ. ಎಂಟು ನೆಟ್ಟಗೆ ಹೋದವು. ಆಮೇಲೆ ಪರೀಕ್ಷಕರೊಬ್ಬರು ತಾವೇ ಬೇಕೆಂದು ತಪ್ಪಾಗಿ ಹೊಡೆದು, ತಪ್ಪೆಲ್ಲಿದೆ ಹೇಳು ಎಂದರು. ನಾನು ಅವರ ಮುಖ ನೋಡದೆ, ಇಬ್ಬನಿಯ ಹುಲ್ಲಿನಲ್ಲಿ ಮೂಡಿದ ಬೂಟಿನ ಗುರುತಿಗೆ ಬಗ್ಗಿದೆ. ಮೊದಲು ನಕ್ಕರು. ಹೇಳಿದ ಮೇಲೆ ನಗಲಿಲ್ಲ.

ಪಾಸಾದವರದ್ದೊಂದು ದೊಡ್ಡ ಪುಸ್ತಕವಿತ್ತು. ಹೆಸರು, ಊರು, ಕಲಿಸಿದವರು ಯಾರು. ಪೆನ್ನು ಹಿಡಿದು ನಿಂತೆ. ಮೇಲಿನ ಸಾಲುಗಳಲ್ಲೆಲ್ಲ ಹೆಸರಾಂತ ಕೋಚುಗಳಿದ್ದರು. ಇಂಡಿ ಕಡೆಯ ಒಬ್ಬ ಮಾಲಿಯ ಹೆಸರು ಅಲ್ಲಿ ಹೇಗೆ ಬರೆಯುವುದು? ಪಕ್ಕದಲ್ಲಿ ನಮ್ಮ ದೊಡ್ಡ ಕೋಚ್ ಸಾಹೇಬರು ನಿಂತಿದ್ದರು. ಅವರ ಹೆಸರು ಬರೆದೆ. ಅವರು ನನಗೆ ಕಲಿಸಿದ್ದು ಒಂದೇ, ಚೀಲವನ್ನು ಸದ್ದಾಗದಂತೆ ಹೊರುವುದು. ಬೆನ್ನು ತಟ್ಟಿದರು. ನಾನೂ ನಕ್ಕೆ.

ಪೇಢೆ ತೆಗೆದುಕೊಂಡು ಊರಿಗೆ ಹೋದೆ. ಕಾಕಾ ಎಲ್ಲ ಕೇಳಿದರು. ಎಷ್ಟು ಚೆಂಡು, ಗಾಳಿ ಯಾವ ಕಡೆಯದು, ನೆಲ ಹಸಿಯೋ ಒಣವೋ. ಕಡೆಗೆ, ಚಹಾದ ಕಪ್ಪಿನ ಕಡೆ ನೋಡುತ್ತ ಕೇಳಿದರು.

"ಕಲಿಸಿದೋರು ಯಾರಂತ ಕೇಳ್ತಾರೇನು ಅಲ್ಲಿ?"

"ಕೇಳ್ತಾರ್ರಿ ಕಾಕಾ. ಬುಕ್ಕಿನಾಗ ಬರಸ್ತಾರ."

"ಮತ್ತ?"

"ನಿಮ್ದ ಬರದೀನ್ರಿ."

ಅವರು ಕಪ್ಪು ಕೆಳಗಿಟ್ಟರು. "ಅಡ್ಡಹೆಸರು ಸುದ್ದಾ?" ಎಂದರು. ಹೌದು, ಮನೆತನದ ಹೆಸರೂ ಇದೆ ಎಂದೆ. ಒಳಗಿದ್ದ ಹೆಂಡತಿಯನ್ನು, ನಮ್ಮ ಕಾಕುವನ್ನು, ಕೂಗಿ ಕರೆದು ಹೇಳಿದರು. ಅವರ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ.

ಮರುದಿನ ಕಟ್ಟೆಗೆ ಸುದ್ದಿ ಹೋಯಿತು. ಪುಣೆಯ ದೊಡ್ಡವರ ಪುಸ್ತಕದಲ್ಲಿ ಕಾಕಾನ ಹೆಸರು! ಹುಲ್ಲಿನ ಮಾತು ಅಲ್ಲಿಗೆ ನಿಂತಿತು. ಕಾಕಾ ಬಸವನ ಬಾಗೇವಾಡಿಯ ಬೀಗರಿಗೆ ಹೇಳಿದರು, ಮುದ್ದೇಬಿಹಾಳದ ಮದುವೆಯಲ್ಲಿ ಹೇಳಿದರು, ಸಿಂದಗಿ ಸಂತೆಯಲ್ಲಿ ಎತ್ತು ನೋಡುತ್ತ ನಿಂತವರಿಗೂ ಹೇಳಿದರು. ನಾನು ಊರಿಗೆ ಹೋದಾಗಲೆಲ್ಲ, "ಬುಕ್ಕು ಐತಿಲ್ಲ?" ಎಂದು ಕೇಳುತ್ತಿದ್ದರು. ಐತ್ರಿ ಎನ್ನುತ್ತಿದ್ದೆ. ಆಮೇಲಾಮೇಲೆ ಅವರ ಮನೆಯ ಮುಂದಿನ ದಾರಿ ಬಿಟ್ಟು ಸುತ್ತು ಹಾಕಿ ಹೋಗತೊಡಗಿದೆ. ತಿದ್ದಬಹುದಿತ್ತು. ಒಂದು ದಿನ ಆ ಪುಸ್ತಕ ಕೇಳಬೇಕೆಂದೇ ಆಫೀಸಿನ ಗುಮಾಸ್ತರ ಮೇಜಿನವರೆಗೂ ಹೋದೆ. ನೀರು ಕೇಳಿ, ಕುಡಿದು ಬಂದೆ.

ಎರಡು ವರ್ಷದ ಹಿಂದೆ, ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಮಣ್ಣಿಗೆ ಹೋಗಲು ನನಗೆ ರಜೆ ಸಿಗಲಿಲ್ಲ ಎಂದು ಮನೆಯವರಿಗೆ ಹೇಳಿದೆ. ನಿಜವೆಂದರೆ ನಾನು ರಜೆ ಕೇಳಿರಲೇ ಇಲ್ಲ.

ಚಾಪೆ ಬಂದ ಮೇಲೆ ಮನಸ್ಸು ತಡೆಯಲಿಲ್ಲ. ಹೋದ ವಾರ ಊರಿಗೆ ಹೋಗಿ ಕಾಕುವಿನ ಎದುರು ಕೂತೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಆ ಬುಕ್ಕಿನ ಹಾಳಿ ಒಂದ ಫೋಟೋ ಹೊಡಕೊಂಡು ಬಾರಪ್ಪ. ಮೊಮ್ಮಗಳು ಸಾಲ್ಯಾಗ ತೋರಸ್ತಾಳಂತ," ಎಂದರು. ಎಲ್ಲ ಹೇಳಿಬಿಟ್ಟೆ. ಈಗ ಮೈದಾನದ ಆ ಪುಸ್ತಕ ನನ್ನ ಸುಪರ್ದಿಯಲ್ಲೇ ಇದೆ, ನಾಳೆಯೇ ಅವರ ಹೆಸರು ಬರೆಯುತ್ತೇನೆ, ಬೇಕಾದರೆ ಪತ್ರಿಕೆಗೂ ಬರೆಯುತ್ತೇನೆ ಎಂದೆ.

ಕಾಕು ಎದ್ದು ಒಳಗೆ ಹೋದರು. ಇನ್ನು ಬರುವುದಿಲ್ಲ ಎಂದುಕೊಂಡೆ. ಚಹಾ ಮಾಡಿಕೊಂಡು ಬಂದು ನನ್ನ ಮುಂದಿಟ್ಟರು.

"ಬ್ಯಾಡ. ಈಗಿನ ತಾರೀಖ ಹಾಕಿ ಬರದ್ರ, ಅವರು ಇಷ್ಟು ವರ್ಷ ಊರ ತುಂಬ ಹೇಳಿದ್ದು ಸುಳ್ಳ ಆಗತೈತಿ. ಸುಳ್ಳು ನಿಂದು, ನಿನ್ನ ಹತ್ರಾನ ಇರಲಿ. ಅವರದು ಮಾಡಬ್ಯಾಡ."

ಚಹಾ ಕುಡಿದು ಬಂದೆ. ಕಾಕಾ ಇಲ್ಲವೆಂಬ ದುಃಖ ಎಂದಾದರೂ ಹಳತಾದೀತು. ಅವರೆದುರು ನಿಂತು ತಪ್ಪಾಯಿತು ಎನ್ನಲು ಇನ್ನು ದಾರಿಯಿಲ್ಲ, ಅದು ಹಳತಾಗುವಂತೆ ಕಾಣುವುದಿಲ್ಲ. ಎಲ್ಲಿಯೂ ಬರೆಯುವುದಿಲ್ಲ ಎಂದು ಕಾಕುವಿಗೆ ಮಾತು ಕೊಟ್ಟಿದ್ದೇನೆ. ಅದಕ್ಕೇ ಇಲ್ಲಿಯೂ ಅವರ ಹೆಸರು ಬರೆದಿಲ್ಲ.