ಅಕ್ಷತೆಯ ಮೂರು ಸೆಕೆಂಡು

ಶಂಕರಪುರಂನಲ್ಲಿರುವ ಕೈಲಾಸನ ಎಡಿಟಿಂಗ್ ಕೋಣೆಗೆ ಕಿಟಕಿಯಿಲ್ಲ. ಹನ್ನೊಂದು ವರ್ಷದಿಂದ ಅಲ್ಲೇ ಕೂತು ಮದುವೆ ವಿಡಿಯೊ ಜೋಡಿಸುತ್ತಿದ್ದಾನೆ. ನಾನು ಅವನ ಪಾಲುದಾರ ಪ್ರಸನ್ನ. ಅವನನ್ನು ಬೈಯುವ ಹಕ್ಕು ನನಗಿದೆ.

ನಮ್ಮ ಕೆಲಸದಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಡದ ಒಂದು ಪಾಠವಿದೆ. ಧಾರೆಯ ಹೊತ್ತಿನಲ್ಲಿ ವಿಧವೆಯರು ಕಂಡರೆ ಆ ತುಣುಕು ತೆಗೆಯಬೇಕು. ಇಲ್ಲದಿದ್ದರೆ ಗಿರಾಕಿಗಳು ಬಂದು, "ಸ್ವಲ್ಪ ಅಡ್ಜಸ್ಟ್ ಮಾಡಿ" ಅನ್ನುತ್ತಾರೆ. ಕೈಲಾಸನ ಕೈ ಎಷ್ಟು ಪಳಗಿತ್ತೆಂದರೆ, ತಂಗಿ ಶರಣ್ಯಳ ಮದುವೆಯ ವಿಡಿಯೊದಿಂದ ವಿಧವೆಯಾದ ಸ್ವಂತ ತಾಯಿಯನ್ನೂ ತೆಗೆದುಬಿಟ್ಟ. ಯಾರೂ ಹೇಳಿರಲಿಲ್ಲ. ಬರೀ ಅಭ್ಯಾಸಬಲ.

ತಾಯಿ ಗಿರಿಜಾಂಬಾ ಟಿವಿ ಮುಂದೆ ಕೂತು ಕೊನೆಯವರೆಗೂ ನೋಡಿದರು. "ನಾನು ಅಕ್ಷತೆ ಹಾಕಿದ್ದು ಬಂದೇ ಇಲ್ವಲ್ಲಪ್ಪ?"

"ಕ್ಯಾಮೆರಾ ಆ ಕಡೆ ಇರ್ಲಿಲ್ಲಮ್ಮ" ಅಂದ ಕೈಲಾಸ.

ಆ ಸುಳ್ಳು ಅವನಿಗೆ ಅರಗಲಿಲ್ಲ. ಹಳೆಯ ಹಾರ್ಡ್ ಡಿಸ್ಕ್‌ಗಳಲ್ಲಿ ಬಿದ್ದಿದ್ದ ಕತ್ತರಿಸಿದ ತುಣುಕುಗಳನ್ನೆಲ್ಲ ಹೆಕ್ಕಿದ. ಕಂಬದ ಮರೆಯಲ್ಲಿ, ಊಟದ ಹಾಲ್‌ನ ಬಾಗಿಲಲ್ಲಿ ನಿಂತ ಹೆಂಗಸರು. ಅವರ ಮನೆಗಳನ್ನು ಹುಡುಕಿಕೊಂಡು ಹೋಗಿ ಮಾತಾಡಿಸಿದ. ಎರಡು ವರ್ಷಕ್ಕೆ ನಲವತ್ತು ನಿಮಿಷದ ಚಿತ್ರವಾಯಿತು. ಮದುವೆ ಸೀಸನ್ನಿನಲ್ಲಿ ಇದೆಂಥ ಹುಚ್ಚು ಎಂದು ಬೈದವನು ನಾನು; ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಭಾನುವಾರಕ್ಕೆ ಬಸವನಗುಡಿಯ ಸಣ್ಣ ಸಭಾಂಗಣವೊಂದರಲ್ಲಿ ಪ್ರದರ್ಶನ ನಿಗದಿಯಾಯಿತು. ಚಿತ್ರದ ಜೀವವೆಂದರೆ ಚಾಮರಾಜಪೇಟೆಯ ಮುನಿಯಮ್ಮ, ತಾನೇ ಸಾಕಿದ ಮೊಮ್ಮಗಳ ಧಾರೆಯನ್ನು ಕಂಬದ ಮರೆಯಿಂದ ನೋಡಿದವರು. ಗುರುವಾರ ಕೈಲಾಸ ತನ್ನ ತಾಯಿಯನ್ನು ಕತ್ತರಿಸಿದ್ದನ್ನೂ ಹೇಳಿ, ಪ್ರದರ್ಶನಕ್ಕೆ ಒಪ್ಪಿಗೆ ಕೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ನಿಮ್ ತಾಯೀದೂ ಐತಾ? ಇದ್ರೆ ನಂದೂ ಇರ್ಲಿ. ಇಲ್ಲಾಂದ್ರೆ ಬ್ಯಾಡ." ಚಿತ್ರದಲ್ಲಿದ್ದ ಉಳಿದ ಹೆಂಗಸರೂ ಅದನ್ನೇ ಹಿಡಿದುಕೊಂಡರು. ನ್ಯಾಯವಾದ ಮಾತೇ.

ಆದರೆ ತಂಗಿಯ ಮದುವೆ ವಿಡಿಯೊದಿಂದ ಕೈಲಾಸ ಕತ್ತರಿಸಿದ್ದ ಆ ಮೂರು ಸೆಕೆಂಡಿನಲ್ಲಿ ಗಿರಿಜಾಂಬಾ ಒಬ್ಬರೇ ಇಲ್ಲ. ಅವರು ಅಕ್ಷತೆ ಹಾಕುತ್ತಿದ್ದಂತೆಯೇ ಶರಣ್ಯಳ ಅತ್ತೆ ಮೊಣಕೈ ಹಿಡಿದು ಹಿಂದಕ್ಕೆ ಸರಿಸುತ್ತಾರೆ. ಮುಖ ಮಸುಕು ಮಾಡಿದರೂ ಆ ಸೀರೆ, ಆ ಬಳೆ ನೆಂಟರಿಗೆಲ್ಲ ಗೊತ್ತು. ವಿಷಯ ತಿಳಿದು ಶರಣ್ಯ ಫೋನ್ ಮಾಡಿದಳು.

"ಅಣ್ಣ, ನೀನು ಚಪ್ಪಾಳೆ ತಗೊಂಡು ಮನೆಗೆ ಹೋಗ್ತೀಯ. ನಾನು ಇಲ್ಲೇ ಬಾಳ್ಬೇಕು."

ಅತ್ತ ದರಿ, ಇತ್ತ ಪುಲಿ. ಶುಕ್ರವಾರ ಬೆಳಿಗ್ಗೆ ಕೈಲಾಸ ತಾಯಿಯ ಎದುರು ನೆಲದ ಮೇಲೆ ಕೂತ; ನಾನೂ ಜೊತೆಗಿದ್ದೆ. ಅವತ್ತು ಕತ್ತರಿಸಿದ್ದು ತಾನೇ ಎಂದು ಒಪ್ಪಿಕೊಂಡ. ಮುನಿಯಮ್ಮನ ಮಾತು, ತಂಗಿಯ ಮಾತು ಎರಡನ್ನೂ ಹೇಳಿದ.

"ಹಾಕ್ಲಾ, ಬೇಡ್ವಾ? ನೀನೇ ಹೇಳಮ್ಮ."

ನನಗೆ ಮೈ ಉರಿಯಿತು. ತನಗೆ ಹೊರಲಾಗದ್ದನ್ನು ಆಕೆಯ ತಲೆಗೆ ಕಟ್ಟುತ್ತಿದ್ದ.

ಗಿರಿಜಾಂಬಾ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು.

"ಹಾಕು ಅಂದ್ರೆ ಮಗಳ ಸಂಸಾರ ನಾನೇ ಕೆಡಿಸ್ದಂಗೆ. ಬೇಡ ಅಂದ್ರೆ ಈ ಸಲ ನನ್ನನ್ನ ನಾನೇ ಕತ್ತರಿಸ್ಕೊಂಡಂಗೆ. ಅವತ್ತು ನನ್ನ ಕೇಳ್ದೆ ಮಾಡಿದ್ಯಲ್ಲ ಕೈಲಾಸ, ಇವತ್ತೂ ಕೇಳ್ಬೇಡ."